ಮಗಳಿಗೊಂದು ಪತ್ರ: ಹಣ ಕೂಡಿಸುವ ಮುನ್ನ

ಕೋಲಾರ

ಪ್ರೀತಿಯ ಮಗಳಿಗೆ, ಕರ್ತನ ನಾಮದಲ್ಲಿ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತುಮಕೂರಿನಲ್ಲಿ ನೀನು ಆರಾಧನೆಗೆ ಹೋಗುವ ಸಭೆಯ ಯುವಜನರು ಥಲಸ್ಸೇಮಿಯಾ ಎಂಬ, ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಹುಟ್ಟುಕಾಯಿಲೆಯಿರುವ ಒಂದು ಮಗುವಿನ ಚಿಕಿತ್ಸೆಗೆ ಹಣ ಕೂಡಿಸಲು ಹೊರಟಿದ್ದಾರೆಂದೂ, ಆ ಕೆಲಸದ ಹೊಣೆಯಲ್ಲಿ ನಿನ್ನದೂ ಪಾಲಿದೆಯೆಂದೂ ಬರೆದು, ಅದೇ ಕಾಯಿಲೆಯಿದ್ದ ನಿನಗಾಗಿ ನಮ್ಮ ಸಭೆಯವರು ಇದನ್ನೆಲ್ಲ ಹೇಗೆ ನಡೆಸಿದರೆಂದು ಕೇಳಿದ್ದೀಯೆ. ಆಗ ನಿನಗೆ ಏಳು ವರ್ಷ. ದೊಡ್ಡವರ ನಡುವೆ ನಡೆದದ್ದು ನಿನಗೆ ತಿಳಿದಿರುವ ಹಾಗಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಜನರು ಸಾಮಾನ್ಯವಾಗಿ ಕಸಿಯ, ಅಂದರೆ ಮೂಳೆಯೊಳಗಿನ ರಕ್ತ ಹುಟ್ಟಿಸುವ ಮಜ್ಜೆಯನ್ನು ಇನ್ನೊಬ್ಬರಿಂದ ಪಡೆದು ಮಗುವಿಗೆ ಹಾಕುವ ಚಿಕಿತ್ಸೆಯ ಖರ್ಚೊಂದನ್ನೇ ಲೆಕ್ಕ ಹಾಕುತ್ತಾರೆ. ಕಸಿಯ ತನಕ ಮಗು ಬದುಕಿರಬೇಕಾದರೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಒಳಸೇರುವ ರಕ್ತದ ಕಬ್ಬಿಣ ಹೃದಯದಲ್ಲೂ ಯಕೃತ್ತಿನಲ್ಲೂ ಕೂತು ಅವನ್ನು ಕೆಡಿಸದಂತೆ ಅದನ್ನು ಹೊರಹಾಕುವ ಔಷಧವನ್ನು ದಿನವೂ ಕೊಡಬೇಕು. ಕಸಿಯ ಆಲೋಚನೆಯಿರುವ ಮಗುವಿಗೆ ತಂದೆ, ತಾಯಿ, ಒಡಹುಟ್ಟಿದವರ ರಕ್ತ ಹಾಕಿಸಬಾರದೆಂದು ವೈದ್ಯರು ಹೇಳಿದ್ದರು. ಹಾಗೆ ಹಾಕಿಸಿದರೆ ಮುಂದೆ ಅದೇ ಕುಟುಂಬದ ಮಜ್ಜೆಯನ್ನು ಮಗುವಿನ ಮೈ ತಿರಸ್ಕರಿಸುವ ಅಪಾಯವಿರುತ್ತದೆ. ನಾನು ತೋಳು ಒಡ್ಡಿ ನಿಂತರೂ ನಿನಗೆ ಉಪಯೋಗವಿರಲಿಲ್ಲ. ಆ ವರ್ಷಗಳಲ್ಲಿ ನಿನ್ನ ಮೈಯಲ್ಲಿ ಹರಿದದ್ದು ಸಭೆಯವರ ರಕ್ತ.

ಅದಕ್ಕೊಂದು ವ್ಯವಸ್ಥೆ ಮಾಡಿದವರು ನಮ್ಮ ಸಭೆಯ ಖಜಾಂಚಿಯಾಗಿದ್ದ ನಿವೃತ್ತ ಮೇಷ್ಟ್ರು. ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಅವರು ರಕ್ತ ಕೊಡಲು ಒಪ್ಪಿದವರ ಹೆಸರು, ರಕ್ತದ ಗುಂಪು, ಕೊಟ್ಟ ತಾರೀಖು ಬರೆದು, ಮತ್ತೆ ಯಾವಾಗ ಕೊಡಬಹುದೆಂಬುದನ್ನು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದರು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದಾದ್ದರಿಂದ, ಐದಾರು ಜನ ಉತ್ಸಾಹಿಗಳು ಸಾಲುವುದಿಲ್ಲ. ಒಬ್ಬರಿಗೆ ಜ್ವರ, ಇನ್ನೊಬ್ಬರು ಊರಲ್ಲಿಲ್ಲ, ಮತ್ತೊಬ್ಬರಿಗೆ ಹಿಮೋಗ್ಲೋಬಿನ್ ಕಡಿಮೆ ಎಂದಾಗ ಕರೆಯಲು ಬೇರೆ ಹೆಸರಿರಬೇಕು. ಟೊಮೆಟೊ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದ ಸಭೆಯ ಹುಡುಗರು ರಾತ್ರಿಯೆಲ್ಲ ಲಾರಿಗೆ ಕ್ರೇಟು ತುಂಬಿ ಬೆಳಗ್ಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ನಿದ್ದೆಗೆಟ್ಟವರಿಂದ ರಕ್ತ ತೆಗೆಯುವುದಿಲ್ಲವೆಂದು ಸಿಬ್ಬಂದಿ ವಾಪಸು ಕಳಿಸಿದ ಮೇಲೆ, ಅವರ ಸರದಿ ಬರುವ ಹಿಂದಿನ ರಾತ್ರಿ ಕೆಲಸಕ್ಕೆ ಹೋಗದಂತೆ ಮೇಷ್ಟ್ರೇ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದರು. ನಿನ್ನ ಯುವಜನರು ಹಣದ ಡಬ್ಬಿ ಹಿಡಿಯುವ ಮೊದಲು ಇಂಥದೊಂದು ಪುಸ್ತಕ ತೆರೆಯಲಿ.

ಇನ್ನೊಂದು ಮಾತನ್ನು ನಿನಗೆ ಈವರೆಗೆ ಹೇಳಿರಲಿಲ್ಲ. ಆ ದಿನಗಳಲ್ಲಿ ಹೊರಗಿನಿಂದ ಬಂದ ಬೋಧಕರೊಬ್ಬರು ನಮ್ಮ ಮನೆಗೆ ಬಂದು, ನಂಬಿಕೆಯಿದ್ದರೆ ಪರರ ರಕ್ತ ಏಕೆ ಬೇಕು, ಔಷಧ ನಿಲ್ಲಿಸಿ ಉಪವಾಸ ಕೂತು ಪ್ರಾರ್ಥಿಸಿ ಎಂದರು. ನಿನ್ನ ಅಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ವಿಷಯ ತಿಳಿದ ನಮ್ಮ ಸಭಾಪಾಲಕರು ಮುಂದಿನ ಭಾನುವಾರ ಪ್ರಸಂಗ ಪೀಠದಿಂದಲೇ, ಈ ಮಗುವಿಗೆ ರಕ್ತ ಕೊಡುವುದು ಈ ಸಭೆಯ ಪ್ರಾರ್ಥನೆಯ ಭಾಗ, ಅದನ್ನು ನಿಲ್ಲಿಸಲು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಮೆಥಡಿಸ್ಟ್ ಮಿಷನರಿಗಳು ಕಟ್ಟಿದ ಇಟಿಸಿಎಂ ಆಸ್ಪತ್ರೆಯ ನೆರಳಿನಲ್ಲಿ ಬೆಳೆದ ಊರು ನಮ್ಮದು. ನಿನ್ನ ಅಜ್ಜಿಯ ಕಾಲದಿಂದಲೂ ದೇವರಿಗೆ ಮೊಣಕಾಲೂರುವುದನ್ನೂ ವೈದ್ಯರ ಬಳಿ ಹೋಗುವುದನ್ನೂ ಇಲ್ಲಿ ಯಾರೂ ಬೇರೆ ಬೇರೆ ಎಂದುಕೊಂಡವರಲ್ಲ. ಆ ಮಗುವಿನ ಮನೆಗೂ ಇಂಥವರು ಬಂದೇ ಬರುತ್ತಾರೆ. ಬರುವ ಮುಂಚೆಯೇ ನಿಮ್ಮ ಸಭಾಪಾಲಕರು ಆ ತಂದೆತಾಯಿಗಳ ಜೊತೆ ಕೂತು ಮಾತನಾಡಿರಲಿ.

ಈಗ ಹಣದ ವಿಷಯ. ನಿನ್ನ ಅಣ್ಣನ ಮಜ್ಜೆ ನಿನಗೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಯಲ್ಲಿ ಅದು ಪೂರ್ತಿ ಹೊಂದಿಕೊಂಡ ಮೇಲೆ ಆಸ್ಪತ್ರೆಯವರು ಹೇಳಿದ ಅಂದಾಜು 10 ಲಕ್ಷ ರೂಪಾಯಿ. ಎರಡು ಹಸು, ಒಂದೂವರೆ ಎಕರೆ ಟೊಮೆಟೊ ನಂಬಿದವನಿಗೆ ಅದು ಎಷ್ಟು ದೊಡ್ಡ ಮೊತ್ತವೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷದ ಸುಗ್ಗಿಯ ಹಬ್ಬದ ಹರಾಜನ್ನು ಸಭೆಯ ಹಿರಿಯರು ಪೂರ್ತಿಯಾಗಿ ನಿನ್ನ ಹೆಸರಿಗೆ ಬಿಟ್ಟರು. ರಾಗಿ ಮೂಟೆ, ನಾಟಿ ಕೋಳಿ, ಮನೆಯಲ್ಲಿ ಮಾಡಿದ ಕಜ್ಜಾಯ ಎಲ್ಲವೂ ಹರಾಜಿಗೆ ಬಂದವು. ಒಂದು ಕುಂಬಳಕಾಯಿಯನ್ನು ಕೂಗಿ ಪಡೆದವರು ಹಣ ಕಟ್ಟಿ, ಕಾಯಿಯನ್ನು ಮತ್ತೆ ಮೇಜಿನ ಮೇಲಿಟ್ಟರು; ಅದನ್ನು ಪಡೆದವರೂ ಹಾಗೆಯೇ ಮಾಡಿದರು; ಕೊನೆಗೆ ಆ ಕಾಯಿ ಹೋಳಾಗಿ ಅಲ್ಲಿನ ಊಟಕ್ಕೇ ಬಿತ್ತು. ಬೆಂಗಳೂರಿನ ಒಂದೆರಡು ಸಭೆಗಳೂ ತಮ್ಮ ಕಾಣಿಕೆ ಕಳಿಸಿದವು.

ನನಗೆ ಇಂದಿಗೂ ಮುಖ್ಯವೆನಿಸುವುದು ಆ ಹಣ ನಡೆದ ರೀತಿ. ನನ್ನ ಕೈಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಚೆಕ್ ನೇರವಾಗಿ ಆಸ್ಪತ್ರೆಯ ಹೆಸರಿಗೆ ಹೋಗುತ್ತಿತ್ತು, ರಸೀದಿ ಸಭೆಯ ಕಡತಕ್ಕೆ ಬರುತ್ತಿತ್ತು, ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದುತ್ತಿದ್ದರು. ನಮ್ಮ ಮೇಲಿನ ಅನುಮಾನದಿಂದ ಹಾಗೆ ಮಾಡಿದ್ದಲ್ಲ. ಮುಂದೆ ಯಾರೂ ನಮ್ಮನ್ನು ಬೊಟ್ಟು ಮಾಡಿ ತೋರಿಸಬಾರದೆಂದು ಮಾಡಿದ್ದು. ನಿನ್ನ ಫೋಟೋವನ್ನು ಎಲ್ಲಿಯೂ ಅಂಟಿಸಲಿಲ್ಲ. ಮೂಗಿಗೆ ನಳಿಕೆ ಹಾಕಿದ ಮಕ್ಕಳ ಚಿತ್ರಗಳನ್ನು ಈಗ ಮೊಬೈಲಿನಲ್ಲಿ ನೋಡುವಾಗಲೆಲ್ಲ ಆ ಹಿರಿಯರ ದೊಡ್ಡತನ ನನಗೆ ಇನ್ನಷ್ಟು ಅರ್ಥವಾಗುತ್ತದೆ. ಆ ಮಗು ನಾಳೆ ದೊಡ್ಡದಾಗಿ ಶಾಲೆಗೆ ಹೋಗಬೇಕು. ಅದರ ಹೆಸರು, ಮುಖ ಊರಿನ ಬಾಯಿಗೆ ಬೀಳದಂತೆ ನೋಡಿಕೊಳ್ಳಿ.

ಕಸಿಯಾಗುವುದು ಒಂದು ದಿನದಲ್ಲಿ; ನೋಡುವವರಿಗೆ ರಕ್ತ ಹಾಕಿದಂತೆಯೇ ಕಾಣುತ್ತದೆ. ಆಮೇಲಿನ ನೂರು ದಿನಗಳು ಕಠಿಣ. ಹೊಸ ಮಜ್ಜೆ ನಾಟಿಕೊಂಡು ಗಟ್ಟಿಯಾಗುವ ತನಕ ಸಣ್ಣ ಜ್ವರಕ್ಕೂ ತಕ್ಷಣ ಆಸ್ಪತ್ರೆಗೆ ಓಡಬೇಕಾಗಿರುವುದರಿಂದ ಕೋಲಾರಕ್ಕೆ ಮರಳುವ ಹಾಗಿರಲಿಲ್ಲ. ಆಸ್ಪತ್ರೆಯ ಹತ್ತಿರ, ಬೇರೆ ಯಾರೂ ಬಳಸದ ಶೌಚಾಲಯವಿರುವ ಕೋಣೆಯೊಂದನ್ನು ಬೆಂಗಳೂರಿನ ಸಭೆಯ ಕುಟುಂಬವೊಂದು ಬಿಟ್ಟುಕೊಟ್ಟಿತು. ಆ ಮನೆಯ ತಾಯಿ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳ ತೆಗೆಯದೆಯೇ ತಂದು ಬಾಗಿಲ ಬಳಿ ಇಡುತ್ತಿದ್ದರು. ಇಲ್ಲಿ ನಮ್ಮ ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಬಂದ ಬಿಲ್ಲನ್ನು ಹಾಗೆಯೇ ಎತ್ತಿಟ್ಟವರು ಪಕ್ಕದ ಬೀದಿಯ ಅಣ್ಣತಮ್ಮಂದಿರು. ಇದ್ಯಾವುದೂ ಆಸ್ಪತ್ರೆಯ ಅಂದಾಜಿನಲ್ಲಿ ಇರುವುದಿಲ್ಲ. ಬಾಡಿಗೆ, ಊಟ, ನಿಂತುಹೋದ ಕೂಲಿ ಇವುಗಳನ್ನು ತಾಳಲಾರದೆ ಅರ್ಧದಲ್ಲೇ ಊರಿಗೆ ಹೊರಟ ಕುಟುಂಬವೊಂದನ್ನು ನಾವು ಅಲ್ಲಿಯೇ ಕಂಡೆವು. ನೀವು ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದೇ ಬೇರೆ ಇಡಿ.

ನಮ್ಮ ಕಾಲದಲ್ಲಿ ಇಲ್ಲದ್ದೊಂದು ಈಗ ಇದೆ. ಒಡಹುಟ್ಟಿದವರ ಮಜ್ಜೆ ಹೊಂದುವ ಥಲಸ್ಸೇಮಿಯಾ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ನೀಡುವ, ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ 2017ರಲ್ಲಿ ಆರಂಭವಾಯಿತು. ಮೊದಲು ಅದರ ಅರ್ಜಿಯನ್ನು ವಿಚಾರಿಸಿ, ಕಡಿಮೆ ಬೀಳುವಷ್ಟಕ್ಕೆ ಕೈಚಾಚಿ. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಆ ಪರೀಕ್ಷೆಯ ಫಲಿತಾಂಶ ಬರುವ ಮುನ್ನವೇ ಕಸಿಗೆಂದು ಕೇಳಬೇಡಿ. ಹೊಂದದಿದ್ದರೆ ಹಣ ರಕ್ತ ಮತ್ತು ಔಷಧಕ್ಕೆ ಹೋಗುವುದೆಂದು ಕೊಡುವವರಿಗೆ ಮೊದಲೇ ಹೇಳಿರಿ. ಇದಲ್ಲದೆ ನಿನ್ನ ವಯಸ್ಸಿನವರೆಲ್ಲ ತಾವು ಥಲಸ್ಸೇಮಿಯಾ ವಾಹಕರೇ, ಅಂದರೆ ತಮಗೆ ಕಾಯಿಲೆಯಿಲ್ಲದೆಯೂ ಅದನ್ನು ಮಕ್ಕಳಿಗೆ ದಾಟಿಸಬಲ್ಲವರೇ ಎಂದು ತಿಳಿಯುವ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಈ ಕಾಯಿಲೆಯ ಭಯವಿರುತ್ತದೆ. ನನಗೂ ನಿನ್ನ ಅಮ್ಮನಿಗೂ ಅದು ತಿಳಿದದ್ದು ನೀನು ಹುಟ್ಟಿದ ಮೇಲೆ. ನಿನ್ನ ಚಿಕಿತ್ಸೆಯಾದಂದಿನಿಂದ ನಮ್ಮ ಸಭಾಪಾಲಕರು ಮೂರು ಭಾನುವಾರದ ಮದುವೆ ಪ್ರಕಟಣೆಗೆ ಮೊದಲು ಎರಡು ಮನೆಯವರಿಗೂ ಈ ಪರೀಕ್ಷೆಯ ಮಾತು ಹೇಳುತ್ತಾ ಬಂದಿದ್ದಾರೆ.

ನೀನೂ ಅಂಥ ಮಗುವಾಗಿದ್ದೆಯೆಂದು ಆ ತಾಯಿಗೆ ಹೇಳಬೇಕೇ ಎಂದು ಕೇಳಿದ್ದೀಯೆ. ಅದು ನಿನ್ನ ಮೈಯ, ನಿನ್ನ ಬದುಕಿನ ವಿಷಯ. ನಿನಗೆ ಮನಸ್ಸು ಬಂದರೆ ಹೇಳು. ಹೇಳುವುದಾದರೆ ಸಭೆಯ ಮುಂದೆ ಸಾಕ್ಷಿಯಾಗಿ ಹೇಳದೆ ಆಕೆಯ ಮನೆಯಲ್ಲಿ ಕೂತು ಹೇಳು. ನನಗಿಂತ ನಿನ್ನ ಅಮ್ಮನಿಗೆ ಹೆಚ್ಚು ಗೊತ್ತು, ಕೋಣೆಯೊಳಗೆ ನಿನ್ನ ಜೊತೆ ಇದ್ದವಳು ಅವಳು. ಯಾವ ಔಷಧಕ್ಕೆ ವಾಂತಿ ಹೆಚ್ಚು, ಬಾಯಿ ಹುಣ್ಣಾದಾಗ ಏನು ತಿನ್ನಿಸಬಹುದು ಎಂಬುದನ್ನೆಲ್ಲ ಆ ತಾಯಿಗೆ ಹೇಳಿಕೊಡಲು ಕಾದಿದ್ದಾಳೆ. ನಮ್ಮ ನಂಬರನ್ನು ಆಕೆಗೆ ಕೊಡು; ಹಾಲು ಕರೆಯುವ ಹೊತ್ತೊಂದನ್ನು ಬಿಟ್ಟು ಯಾವಾಗ ಬೇಕಾದರೂ ಫೋನ್ ಮಾಡಲಿ.

ಇಂತಿ,
ನಿನ್ನ ಅಪ್ಪ