ತೀರ್ಪಿನಲ್ಲಿ ಹೆಸರು ಬಾರದವರಿಗೆ

ಹೋದ ವಾರ ನಮ್ಮ ಅಪೀಲಿನ ತೀರ್ಪು ಬಂತು. 7 ವರ್ಷ ಹಿಡಿಯಿತು. ಅಪ್ಪನ ಜಮೀನಿನಲ್ಲಿ ಅಕ್ಕನಿಗೂ ನನಗೂ ಪಾಲಿದೆ ಎಂದು ಹೈಕೋರ್ಟ್ ಹೇಳಿದೆ. ಅಳತೆ, ಹಂಚಿಕೆ ಇನ್ನೂ ಬಾಕಿ, ಅದು ಬೇರೆ ಕಥೆ. ವಕೀಲರಿಗೆ ಕೈಮುಗಿದು ಬಂದಾಯಿತು. ಈ ಬರಹ ಕೋರ್ಟಿನ ಆಫೀಸಿನವರಿಗೆ.

ಮೊದಲು, ಅಪೀಲು ಪರಿಶೀಲಿಸುವ ವಿಭಾಗದ ಆ ಮೇಡಂಗೆ. ಕೆಳಕೋರ್ಟಿನ ಡಿಕ್ರಿ ಮೇಲೆ ಹೈಕೋರ್ಟಿಗೆ ಹೋಗಲು 90 ದಿನದ ಗಡುವು. ಆಗ ಅಮ್ಮ ಆಸ್ಪತ್ರೆಯಲ್ಲಿದ್ದರು. ನಾನು ದಿನ ಎಣಿಸುವುದನ್ನೇ ಮರೆತಿದ್ದೆ. ಅಪೀಲು ಹಾಕಿದ್ದು 112ನೇ ದಿನ. ಕೇಸು ಇಲ್ಲಿಗೇ ಮುಗಿಯಿತು ಅಂದುಕೊಂಡು ಕೌಂಟರಿನ ಮುಂದೆ ನಿಂತಿದ್ದೆ. ಅವರು ತೀರ್ಪಿನ ನಕಲನ್ನು ಸುಮ್ನೆ ತಿರುಗಿಸಿ ಸೀಲು ನೋಡಿದರು. ನಕಲಿಗೆ ಅರ್ಜಿ ಕೊಟ್ಟ ದಿನ, ಅದು ಸಿದ್ಧವಾದ ದಿನ, ನಾವು ತಗೊಂಡ ದಿನ, ಎಲ್ಲ ಅಲ್ಲಿತ್ತು. ನಕಲು ತಯಾರಾಗಲು ಹಿಡಿದ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಡಬೇಕು ಎನ್ನುತ್ತದೆ 1963ರ ಲಿಮಿಟೇಷನ್ ಆಕ್ಟಿನ 12ನೇ ಸೆಕ್ಷನ್. ನಮಗೆ ಅದು 31 ದಿನ. ಸಿದ್ಧವಾದ ಮೇಲೆ ನಾವೇ ತಡಮಾಡಿ ತಗೊಂಡಿದ್ದರೆ ಆ ದಿನಗಳಿಗೆ ವಿನಾಯಿತಿ ಇರುತ್ತಿರಲಿಲ್ಲ. ಬೆರಳು ಮಡಚಿ ಎಣಿಸಿ, "ತಡ ಆಗೇ ಇಲ್ವಲ್ಲಮ್ಮಾ" ಅಂದರು.

ಅದೇ ಮೇಡಂ ಆಮೇಲೆ 6 ಆಫೀಸ್ ಆಬ್ಜೆಕ್ಷನ್ ಹಾಕಿದರು. ಒಂದು ಪುಟ ಮಸುಕು, ಕೋರ್ಟ್ ಫೀ ಲೆಕ್ಕ ತಪ್ಪು, ಹೀಗೆ. ಅವತ್ತು ಎಷ್ಟು ಬೈದುಕೊಂಡೆನೋ! ಅದಕ್ಕೂ ಇಲ್ಲೇ ಕ್ಷಮೆ ಕೇಳಿಬಿಡುತ್ತೇನೆ.

ರೆಕಾರ್ಡ್ಸ್ ವಿಭಾಗದವರಿಗೂ ನಮಸ್ಕಾರ. ಅಪೀಲಿನಲ್ಲಿ ಸಾಮಾನ್ಯವಾಗಿ ಸಾಕ್ಷಿಗಳು ಮತ್ತೆ ಬರುವುದಿಲ್ಲ. ಕೆಳಕೋರ್ಟಿನಿಂದ ಬಂದ ಕಡತದಲ್ಲಿ ಇದ್ದದ್ದಷ್ಟೇ ಆಧಾರ. ನಮ್ಮದರಲ್ಲಿ ಅಪ್ಪನ ಕೈಬರಹದ ಒಂದು ಹಳೆಯ ಚೀಟಿ ಇತ್ತು. ಮಡಿಕೆಯಲ್ಲಿ ಹರಿಯುವಂತಿದ್ದ ಆ ಕಾಗದ ವಾದದ ದಿನ ನ್ಯಾಯಮೂರ್ತಿಗಳ ಕೈಗೆ ಹಾಗೇ ತಲುಪಿತು.

ಕೇಸು ಕೂಗಿದ ಬೆಂಚ್ ಕ್ಲರ್ಕ್, ತೀರ್ಪು ಬರೆದುಕೊಂಡ ಸ್ಟೆನೋ, "ಊಟದ ನಂತರ ಬರ್ತದೆ, ಕೂತ್ಕೊಳ್ಳಿ" ಎಂದು ಅಮ್ಮನಿಗೆ ಬೆಂಚು ತೋರಿಸಿದ ದಲಾಯತ್, ಎಲ್ಲರಿಗೂ.

ಇವರು ಸರ್ಕಾರದ ಇಲಾಖೆಯೊಂದರ ನೌಕರರು ಅಂತಲೇ ನಾನು ತಿಳಿದಿದ್ದೆ. ಹಾಗಲ್ಲವಂತೆ. ಸಂವಿಧಾನದ 229ನೇ ವಿಧಿಯಂತೆ ಹೈಕೋರ್ಟ್ ಸಿಬ್ಬಂದಿಯನ್ನು ನೇಮಿಸುವುದು ಮುಖ್ಯ ನ್ಯಾಯಮೂರ್ತಿಗಳು, ಅಥವಾ ಅವರು ಹೇಳಿದ ಇನ್ನೊಬ್ಬ ನ್ಯಾಯಮೂರ್ತಿ ಇಲ್ಲವೇ ಅಧಿಕಾರಿ. ಸಂಬಳ ರಾಜ್ಯದ ಸಂಚಿತ ನಿಧಿಯಿಂದ. ಸರ್ಕಾರವೇ ಪ್ರತಿವಾದಿಯಾಗಿ ನಿಲ್ಲುವ ಕೇಸುಗಳು ಅಲ್ಲಿ ಎಷ್ಟೋ ಇವೆ. ಆ ಕಡತಗಳನ್ನು ಕಾಯುವವರು ಸರ್ಕಾರದ ಕೈಕೆಳಗೆ ಇರಬಾರದು, ಅಲ್ವಾ?

ನಿನ್ನೆ ಈ ತೀರ್ಪಿನ ನಕಲಿಗೆ ಅರ್ಜಿ ಕೊಟ್ಟು ಬಂದೆ. ರಸೀದಿ ಕೈಗೆ ಬಂದ ಕೂಡಲೇ ಮೊದಲು ನೋಡಿದ್ದು ತಾರೀಖನ್ನೇ.