ಫ್ಲಾಪಿ ಹಳೆಯದು, ಮಷಿನ್ ಗಟ್ಟಿಯಿದೆ

ಮಾನ್ಯ ಸಂಪಾದಕರೇ,

ಮೊನ್ನೆ ಬ್ಲೌಸ್ ಕೊಡಲು ಬಂದ ಕಾಲೇಜು ಹುಡುಗಿಯೊಬ್ಬಳು ನನ್ನ ಕೈಲಿದ್ದ ಫ್ಲಾಪಿ (ಹಳೆಯ ಕಂಪ್ಯೂಟರ್‌ಗಳಲ್ಲಿ ಫೈಲ್ ಇಡುತ್ತಿದ್ದ ಚೌಕಾಕಾರದ ಡಿಸ್ಕ್) ನೋಡಿ, 'ಆಂಟಿ, ಇದು ಇನ್ನೂ ಇದೆಯಾ?' ಎಂದು ಕೇಳಿದಳು. ಇದೆ. ದುರ್ಗಿಗುಡಿಯಲ್ಲಿ ನನ್ನ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ನಡೆಯುತ್ತಿರುವುದೇ ಅದರಿಂದ. ಯಾಕೆ ಎಂದು ನಿಮ್ಮ ಓದುಗರಿಗೂ ಹೇಳಬೇಕು ಅನ್ನಿಸಿತು.

2006ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಮಷಿನ್ ನನ್ನದು. ಹನ್ನೆರಡು ಸೂಜಿ. ಇವತ್ತಿಗೂ ಒಂದು ಹೊಲಿಗೆ ಅತ್ತಿತ್ತ ಆಗುವುದಿಲ್ಲ. ಆದರೆ ಡಿಸೈನನ್ನು ಅದು ಓದುವುದು ಫ್ಲಾಪಿಯಿಂದ ಮಾತ್ರ. ಒಂದು ಫ್ಲಾಪಿಯಲ್ಲಿ ಹಿಡಿಯುವುದು 1.44 ಎಂಬಿ. ಮೊಬೈಲಿನ ಒಂದು ಒಳ್ಳೆಯ ಫೋಟೊಗೂ ಸಾಲದು, ಅಲ್ವಾ? ಕಸೂತಿಗೆ ಫೋಟೊ ಬೇಡ. ಸೂಜಿ ಯಾವ ಕಡೆ ಎಷ್ಟು ಸರಿಯಬೇಕು ಅನ್ನುವುದು ಗೊತ್ತಾದರೆ ಸಾಕು. ನಾವು ಬಳಸುವ ಡಿಎಸ್‌ಟಿ ಎಂಬ ಕಸೂತಿ ಡಿಸೈನ್ ಫೈಲಿನಲ್ಲಿ ಒಂದು ಹೊಲಿಗೆಗೆ 3 ಬೈಟ್. ಮದುವೆ ಬ್ಲೌಸಿನ ಬೆನ್ನಿಗೆ 20,000 ಹೊಲಿಗೆ ಹಾಕಿದರೂ ಸುಮಾರು 60 ಕೆಬಿ. ಒಂದೇ ಫ್ಲಾಪಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಡಿಸೈನ್ ಹಿಡಿಸುತ್ತವೆ. ಬೋಯಿಂಗ್ 747-400 ವಿಮಾನಗಳಿಗೂ ದಾರಿಯ ಮಾಹಿತಿಯನ್ನು 28 ದಿನಕ್ಕೊಮ್ಮೆ ಫ್ಲಾಪಿಯಿಂದಲೇ ತುಂಬುತ್ತಿದ್ದರಂತೆ.

ಕಷ್ಟ ಇಲ್ಲ ಅಂತಲ್ಲ. ನಮ್ಮ ಮಳೆಗಾಲ ನಿಮಗೆ ಗೊತ್ತು. ಜುಲೈನಲ್ಲಿ ಗೂಡಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಒಮ್ಮೆ ಬೂಷ್ಟು ಹಿಡಿದ ಫ್ಲಾಪಿಯನ್ನು ನೋಡದೆ ಹಾಕಿಬಿಟ್ಟೆ. ಡ್ರೈವಿನಲ್ಲಿ ಫ್ಲಾಪಿ ಓದುವ ಭಾಗ, ಅಂದರೆ ಹೆಡ್, ಕೊಳೆಯಾಯಿತು. ಆಮೇಲೆ ಹಾಕಿದ ಚೆನ್ನಾಗಿದ್ದ ಎರಡು ಫ್ಲಾಪಿಗಳೂ ಹಾಳಾದವು. ಅವತ್ತಿನಿಂದ ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಹೊಸ ಫ್ಲಾಪಿ ಎಲ್ಲಿ ತರಲಿ? ಸೋನಿ ಕಂಪನಿ 2011ರಲ್ಲೇ ಮಾರಾಟ ನಿಲ್ಲಿಸಿದೆ.

ಹಳೆಯ ಡ್ರೈವಿನ ಜಾಗದಲ್ಲಿ ಪೆನ್‌ಡ್ರೈವ್ ಓದುವ ಎಮ್ಯುಲೇಟರ್ ಎಂಬ ಸಾಧನ ಕೂರಿಸಬಹುದು. ನನ್ನ ಮಷಿನ್‌ಗೆ ಯಾವುದು ಹೊಂದುತ್ತದೆ ಎಂದು ಮಾರುವವರನ್ನು ಕೇಳಿದೆ. 'ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಮೇಡಂ' ಎಂದರು. ನಮ್ಮೂರಿನ ಮೆಕ್ಯಾನಿಕ್ ಕೆಲಸ ಮಾಡಿಕೊಡಲು ತಯಾರಿದ್ದಾರೆ. ವೈರಿಂಗ್ ನಕ್ಷೆ ಮಾತ್ರ ಅವರ ಕೈಗೆ ಯಾರೂ ಕೊಡುವುದಿಲ್ಲ. ಸುಮ್ನೆ ಹಾಕಿ ನೋಡೋಣ ಅನ್ನಲು ಧೈರ್ಯ ಬರುವುದಿಲ್ಲ. ಮದುವೆ ಸೀಸನ್‌ನಲ್ಲಿ ಮಷಿನ್ ನಿಂತರೆ ನನ್ನ ಜೊತೆ ಇರುವ ಇಬ್ಬರು ಹೆಣ್ಣುಮಕ್ಕಳ ಮನೆಯೂ ಕಷ್ಟಕ್ಕೆ ಬೀಳುತ್ತದೆ. ಅಂಗೈಯಗಲದ ಒಂದು ಡ್ರೈವ್ ಹಳತಾಯಿತು ಅಂತ ಇಷ್ಟು ಗಟ್ಟಿ ಮಷಿನ್ನನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಮೊಬೈಲ್, ವಾಹನ, ಕೃಷಿ ಯಂತ್ರಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ನಮ್ಮಂಥ ಸಣ್ಣ ಅಂಗಡಿಗಳ ಮಷಿನ್‌ಗಳನ್ನೂ ಅದಕ್ಕೆ ಸೇರಿಸಬೇಕು. ಮಾದರಿ ನಿಲ್ಲಿಸುವ ಕಂಪನಿ ಅದರ ನಕ್ಷೆಯನ್ನು ಅಲ್ಲಿ ಹಾಕಲೇಬೇಕು ಅಂತ ನಿಯಮ ಬರಲಿ. ಆಷಾಢದಲ್ಲಿ ನಮಗೆ ಕೆಲಸ ಕಡಿಮೆ. ನಕ್ಷೆ ಸಿಕ್ಕರೆ ಆ ತಿಂಗಳಲ್ಲೇ ಡ್ರೈವ್ ಬದಲಿಸಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ.

– ಎಂಬ್ರಾಯ್ಡರಿ ಅಂಗಡಿಯ ಒಬ್ಬ ಮಹಿಳೆ, ದುರ್ಗಿಗುಡಿ, ಶಿವಮೊಗ್ಗ