ಬೀಗದ ಕೈ ಎಲ್ಲಿಡುತ್ತೀ?

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ವಿಂಡೋಸ್‌ಗೆ ಪಾಸ್‌ವರ್ಡ್ ಇದೆಯಲ್ಲ, ಫೈಲುಗಳನ್ನು ಕಾಪಾಡಲು ಇನ್ನೇನು ಬೇಕು ಅಂತ ಕೇಳಿದ್ದೀಯ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಆ ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ಫೈಲುಗಳು ತೆರೆದುಕೊಳ್ಳುತ್ತವೆ. ಅದಕ್ಕೇ ಮೊದಲು ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡು, ಅಂದರೆ ಕೀಲಿಯಿಲ್ಲದೆ ಯಾರೂ ಓದಲಾಗದ ಗೂಢಲಿಪಿಗೆ ತಿರುಗಿಸು. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ‘ಬಳಸಿದ ಜಾಗ ಮಾತ್ರ’ವೋ ‘ಪೂರ್ತಿ ಡ್ರೈವ್’ ಆಗಬೇಕೋ ಅಂತ ಬಿಟ್‌ಲಾಕರ್ ಕೇಳುತ್ತದೆ. ಬಳಸಿ ಹಳತಾದ ಯಂತ್ರವಾದರೆ ಪೂರ್ತಿ ಡ್ರೈವನ್ನೇ ಆರಿಸು, ಹಿಂದೆ ಅಳಿಸಿದ ಫೈಲುಗಳ ಚೂರುಪಾರು ಖಾಲಿ ಜಾಗದಲ್ಲಿ ಉಳಿದಿರುತ್ತದೆ.

ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀಯನ್ನೂ ಕೊಡುತ್ತದೆ, ಡಿಸ್ಕ್ ಎಂದಿನಂತೆ ತೆರೆಯದೆ ಹೋದಾಗ ಬಳಸುವ ಬದಲಿ ಕೀಲಿ ಅದು. ಅದನ್ನು ಅದೇ ಡಿಸ್ಕಿನಲ್ಲಿಟ್ಟರೆ ಪೆಟ್ಟಿಗೆಯೊಳಗೇ ಕೀಲಿಕೈ ಹಾಕಿ ಮುಚ್ಚಿದ ಹಾಗೆ. ಕಾಗದಕ್ಕೆ ಇಳಿಸಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲದೆ ಬೇರೆಲ್ಲಾದರೂ ಇಡು. ಮದರ್‌ಬೋರ್ಡ್ ಬದಲಾದರೆ ಅದು ಬೇಕೇ ಬೇಕು. ಬಯೋಸ್ (ಕಂಪ್ಯೂಟರನ್ನು ಶುರುಮಾಡುವ ಒಳತಂತ್ರಾಂಶ) ಅಪ್‌ಡೇಟ್ ಆದಾಗಲೂ ಒಮ್ಮೊಮ್ಮೆ ಕೇಳುತ್ತದೆ.

ಆದರೆ ನೀನು ಲಾಗಿನ್ ಆಗಿರುವಷ್ಟು ಹೊತ್ತು ಡಿಸ್ಕ್ ತೆರೆದೇ ಇರುತ್ತದೆ. ತೀರಾ ಖಾಸಗಿಯಾದವಕ್ಕೆ ವೆರಾಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ ಒಂದು ಕಂಟೇನರ್ ಮಾಡಿಕೊ; ಬೇರೆ ಫೈಲುಗಳನ್ನು ಒಳಗಿಟ್ಟು ಬೀಗ ಹಾಕುವ ಒಂದು ದೊಡ್ಡ ಫೈಲ್ ಅದು. ಅದು ತಾನೇ ಆರಿಸಿಟ್ಟ ಗೂಢಲಿಪಿ ವಿಧಾನಗಳು (ಎಇಎಸ್, ಎಸ್‌ಎಚ್‌ಎ-512) ಇದ್ದ ಹಾಗೇ ಇರಲಿ, ಅಲ್ಲಿ ಕೈಯಾಡಿಸಿ ಜಾಣತನ ತೋರಿಸುವುದೇನಿಲ್ಲ. ಗಾತ್ರ ಮಾತ್ರ ಯೋಚಿಸಿ ಹಾಕು, ಈಗ ಬೇಕಾದ್ದರ ಎರಡರಷ್ಟಿರಲಿ. ಕಂಟೇನರನ್ನು ಪೆನ್‌ಡ್ರೈವ್‌ನಲ್ಲಿಡುವುದಾದರೆ ನೆನಪಿರಲಿ, ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟ್ ಇರುವ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಕೆಲಸ ಮುಗಿದ ತಕ್ಷಣ ಅನ್‌ಮೌಂಟ್ ಮಾಡು, ಅಂದರೆ ಕಂಟೇನರನ್ನು ಮುಚ್ಚಿಬಿಡು; ಪೆನ್‌ಡ್ರೈವ್ ಕೀಳುವುದು ಆಮೇಲೆ.

ಪಾಸ್‌ವರ್ಡಿಗೆ ಗಾದೆ, ಹಾಡಿನ ಸಾಲು, ಹುಟ್ಟಿದ ತಾರೀಖು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು, ಸಂಖ್ಯೆ ಹಾಕಿದ ಪದಪಟ್ಟಿಯಿಂದ ದಾಳ ಉರುಳಿಸಿ ಆರಿಸು; ಮನಸ್ಸಿಗೆ ಬಂದದ್ದನ್ನು ಬರೆದರೆ ಅದು ಯಾದೃಚ್ಛಿಕವಾಗುವುದಿಲ್ಲ.

ಬಹಳ ಜನ ಎಡವುವುದು ಹೆಡರ್ ವಿಷಯದಲ್ಲಿ. ಕಂಟೇನರಿನ ಶುರುವಿನಲ್ಲಿರುವ, ಅದನ್ನು ತೆರೆಯುವ ಕೀಲಿ ಅಡಗಿರುವ ಆ ಸಣ್ಣ ತುಣುಕು ಕೆಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಅನ್ನುತ್ತದೆ. ಟೂಲ್ಸ್ ಮೆನುವಿನಲ್ಲಿ ಹೆಡರ್ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡು. ಪಾಸ್‌ವರ್ಡ್ ಬದಲಿಸಿದ ದಿನ ಹಳೆಯ ಹೆಡರ್ ಬ್ಯಾಕಪ್ ಅಳಿಸಿ ಹೊಸದು ತೆಗೆ, ಯಾಕೆಂದರೆ ಹಳೆಯದಕ್ಕೆ ಹಳೆಯ ಪಾಸ್‌ವರ್ಡೇ ಸಾಕು.

ಕ್ಲೌಡ್‌ಗೆ ಹಾಕುವುದಾದರೆ, ಕಂಟೇನರಿನ ತಾರೀಖು ಬದಲಾಗದಂತೆ ಕಾಯುವ ಆಯ್ಕೆಯನ್ನು ವೆರಾಕ್ರಿಪ್ಟ್‌ನ ಪ್ರಿಫರೆನ್ಸಸ್‌ನಲ್ಲಿ ತೆಗೆದುಬಿಡು. ಇಲ್ಲದಿದ್ದರೆ ಫೈಲ್ ಬದಲಾದದ್ದು ಸಿಂಕ್ ತಂತ್ರಾಂಶಕ್ಕೆ ತಿಳಿಯದೆ, ಅಲ್ಲಿ ಹಳೆಯ ಪ್ರತಿಯೇ ಉಳಿದೀತು.

ಕಂಟೇನರಿಗೆ ಹಾಕಿದ ಫೈಲುಗಳ ಹೊರಗಿನ ಮೂಲ ಪ್ರತಿಗಳನ್ನು ಈಗಲೇ ಅಳಿಸಬೇಡ. ಕಂಪ್ಯೂಟರ್ ಆಫ್ ಮಾಡಿ, ಎರಡು ದಿನ ಬಿಟ್ಟು, ಚೀಟಿ ನೋಡದೆ ಕಂಟೇನರ್ ತೆರೆ. ಕಂಟೇನರಿನ ಬ್ಯಾಕಪ್ ಪ್ರತಿಯನ್ನೂ ಹಾಗೇ ತೆರೆದು ನೋಡಿ, ಆಮೇಲೆ ಅಳಿಸು.

ಇಂತಿ,
ನಿನ್ನ ಮಾವ